ಕಾಂಡ್ಲಾ ಬೇರಿನ ಪಕ್ಕ

ಕಿರಿಮಂಜೇಶ್ವರ
9 ಅಕ್ಟೋಬರ್ 2023

ಪ್ರೀತಿಯ ಅಪ್ಪಯ್ಯ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ ಆಯಿತಾ, ಮಳೆ ಬಿಟ್ಟಿತಾ ಎನ್ನುವಲ್ಲಿಗೇ ನಿಲ್ಲುತ್ತೇವೆ. ಅದರಾಚೆ ಏನಾದರೂ ಎತ್ತಿದರೆ ನೀವು "ಗಿರಾಕಿ ಬಂದ್ರ್, ಇಡ್ತೆ" ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ಇಟ್ಟರೂ ಮತ್ತೆ ಎತ್ತಿಕೊಳ್ಳಬಹುದು.

ನಾನು ಬ್ರಹ್ಮಾವರದ ಕೆಲಸ ಬಿಟ್ಟೆ. ಮೀನಿನ ಆಹಾರ ಮಾರುವ ಆ ಕಂಪೆನಿಯಲ್ಲಿ ಕೂತು ಬಿಲ್ಲು ಬರೆದದ್ದು ಸಾಕು ಅನ್ನಿಸಿತು. ಈಗ ಜನರನ್ನು ದೋಣಿಯಲ್ಲಿ ಹೊಳೆಗೆ ಕರೆದುಕೊಂಡು ಹೋಗಿ ಮೀನು ಹಿಡಿಸುವ ಕೆಲಸ ಶುರುಮಾಡುತ್ತಿದ್ದೇನೆ. ಬಲೆಯಲ್ಲಲ್ಲ, ಸಿಗಡಿ ಸಿಕ್ಕಿಸಿದ ಗಾಳದಲ್ಲೂ ಅಲ್ಲ. ಫ್ಲೈ ಫಿಶಿಂಗ್ ಅನ್ನುತ್ತಾರೆ. ಹುಂಜದ ಗರಿಯನ್ನು ಕೊಕ್ಕೆಗೆ ನೂಲಿನಲ್ಲಿ ಸುತ್ತಿ, ಸಣ್ಣ ಮೀನಿನ ಹಾಗೋ ಸಿಗಡಿಯ ಹಾಗೋ ಕಾಣುವಂತೆ ಮಾಡುವುದು. ಅದಕ್ಕೆ ತೂಕವೇ ಇರುವುದಿಲ್ಲ. ಹಾಗಾಗಿ ದಪ್ಪ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ, ದಾರದ ಭಾರದಲ್ಲೇ ಗರಿಯನ್ನು ಬೇಕಾದ ಜಾಗಕ್ಕೆ ಮುಟ್ಟಿಸಬೇಕು. ಅಮ್ಮ ಅದಕ್ಕೆ ಗರಿಗಾಳ ಎಂದು ಹೆಸರಿಟ್ಟಿದ್ದಾಳೆ.

ಕಂಪೆನಿಗೆ ಬಂದಿದ್ದ ಗಿರಾಕಿಯೊಬ್ಬರು ಸೀತಾನದಿಯ ದಡದಲ್ಲಿ ಹೀಗೆ ಬೀಸುವುದನ್ನು ನೋಡಿದ ದಿನದಿಂದ ನನಗೆ ಇದರ ಹುಚ್ಚು. ಮೂರು ವರ್ಷ ಕೊಯ್ಲು ಮುಗಿದ ಗದ್ದೆಯಲ್ಲಿ ನಿಂತು ಬೀಸಿ ಕಲಿತೆ. ಹೋಗುವವರು ಬರುವವರು ನಾನು ಕೊಕ್ಕರೆ ಓಡಿಸುತ್ತಿದ್ದೇನೆ ಅಂದುಕೊಂಡರು.

ದೋಣಿ ನಾಗಕ್ಕನದು. ಚಿಪ್ಪು ಹೆಕ್ಕುವ ಕೆಲಸವಿಲ್ಲದ ದಿನ ಅವಳೇ ದೋಣಿ ನಡೆಸುತ್ತಾಳೆ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತೇವೆ. ಇದನ್ನು ಕೇಳಿ ಅಮ್ಮ ಅಂದದ್ದು: "ಬಿಡೂದಾರೆ ಹಿಡೂದ್ ಎಂತಕೆ ಮರಾಯ್ತಿ?" ಆಮೇಲೆ, "ನಿನ್ನಪ್ಪಯ್ಯಂಗೆ ನೀನೇ ಹೇಳ್, ನಾ ಹೇಳೂದಿಲ್ಲೆ" ಎಂದು ಒಳಗೆ ಹೋದಳು.

ನಿಮ್ಮನ್ನು ಕೇಳಿ ಕೆಲಸ ಬಿಡಬೇಕಿತ್ತು. ಕೇಳಿದ್ದರೆ ಬಿಡುತ್ತಿರಲಿಲ್ಲ.

ನಿಮ್ಮ
ಸುಪ್ರೀತಾ


ಚೆಂಬೂರು, ಮುಂಬಯಿ
20 ಅಕ್ಟೋಬರ್ 2023

ಚಿ. ಸುಪ್ರೀತಾಳಿಗೆ,

ನಿನ್ನ ಕಾಗದ ತಲುಪಿತು. ಹೋಟೆಲಿನ ಕೌಂಟರಿಗೆ ಊರಿನ ಕಾಗದ ಬಂದು ಎಷ್ಟೋ ಕಾಲವಾಗಿತ್ತು. ಯಾರಿಗೇನಾಯಿತೋ ಎಂದು ಹೆದರಿ ಒಡೆದೆ.

ಹೆದರಿದ್ದು ಸರಿಯಾಗಿಯೇ ಇತ್ತು.

ಹೊಳೆಯನ್ನು ನಂಬಬೇಡ. ನಾನು ನಂಬಿದ್ದೆ. ನಾನು ಸಿಗಡಿ ಕೆರೆ ಮಾಡಿದಾಗ ನೀನು ಪಿಯುಸಿಯಲ್ಲಿದ್ದೆ, ನಿನಗೆ ನೆನಪಿರಬೇಕು. ಮೊದಲ ಬೆಳೆ ಚೆನ್ನಾಗಿ ಬಂತು. ಎರಡನೆಯದಕ್ಕೆ ಬಿಳಿಚುಕ್ಕೆ ರೋಗ ತಗಲಿ ವಾರದೊಳಗೆ ಕೆರೆಗೆ ಕೆರೆಯೇ ಸತ್ತಿತು. ಆ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ. ಒಂದು ವರ್ಷ ಎಂದು ಹೇಳಿ ಇಲ್ಲಿಗೆ ಬಂದವನು ಹನ್ನೊಂದು ವರ್ಷದಿಂದ ಬೇರೆಯವರ ಹೋಟೆಲಿನ ಕೌಂಟರಿನಲ್ಲಿ ಕೂತಿದ್ದೇನೆ. ಇಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಅದೇ ಈ ಊರಿನ ಸುಖ.

ನೀನು ಹೆಣ್ಣುಮಗಳು ಎಂದು ಹೇಳುತ್ತಿಲ್ಲ. ಗಂಡಾಗಿದ್ದರೂ ಇದನ್ನೇ ಹೇಳುತ್ತಿದ್ದೆ. ಸೋತವರನ್ನು ಊರು ಮರೆಯುವುದಿಲ್ಲ. ಕಂಪೆನಿಗೆ ಇನ್ನೊಂದು ಸಲ ಹೋಗಿ ಕೇಳು.

ಅಮ್ಮನಿಗೆ ಮಂಡಿನೋವಿನ ಎಣ್ಣೆ ಕಳಿಸಿದ್ದೇನೆ.

ಇಂತು,
ಪ್ರೇಮಾನಂದ


ಕಿರಿಮಂಜೇಶ್ವರ
27 ನವೆಂಬರ್ 2023

ಪ್ರೀತಿಯ ಅಪ್ಪಯ್ಯ,

ನೀವು ಹೇಳಿದಂತೆಯೇ ಆಯಿತು. ಬೇರೆಯವರು ಹೇಳುವ ಮೊದಲು ನಾನೇ ಬರೆಯುತ್ತೇನೆ.

ಮಂಗಳೂರಿನಿಂದ ಇಬ್ಬರು ಬಂದಿದ್ದರು. ನನ್ನ ಮೊದಲ ಗಿರಾಕಿಗಳು. ನವುಂದದ ಹತ್ತಿರ ಸೌಪರ್ಣಿಕಾ ಅಗಲವಾಗಿ ಹರಿಯುವಲ್ಲಿಗೆ ಕರೆದುಕೊಂಡು ಹೋದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೀಸಿದರು. ಒಂದು ಮೀನೂ ಮುಟ್ಟಲಿಲ್ಲ. ಕೊನೆಗೆ ಗಾಳಿ ಎದ್ದಿತು, ಒಬ್ಬರ ದಾರ ಅಡ್ಡಬಂದು ಕೊಕ್ಕೆ ನನ್ನ ತೋಳಿಗೇ ನೆಟ್ಟಿತು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿಯೇ ಇಟ್ಟಿರುತ್ತೇನೆ, ಹಾಗಾಗಿ ಸಲೀಸಾಗಿ ಬಂತು. ಆದರೆ ನಾನು "ಅಯ್ಯಮ್ಮಾ" ಎಂದು ಕೂಗಿದ್ದನ್ನು ಸೇತುವೆಯ ಮೇಲೆ ನಿಂತವರು ಯಾರೋ ಫೋನಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ಅದು ಬೈಂದೂರಿನಿಂದ ಕುಂದಾಪುರದವರೆಗೆ ಎಲ್ಲರ ಫೋನಿನಲ್ಲಿ. "ಮೀನ್ ಸಿಕ್ಲಿಲ್ಲ, ಗೈಡನ್ನೇ ಹಿಡ್ದ್ರ್" ಎಂದು ಕೆಳಗೆ ಬರೆದಿದ್ದರು. ಬ್ರಹ್ಮಾವರದ ನನ್ನ ಹಳೇ ಆಫೀಸಿನವರೂ ನಗುವ ಮುಖ ಸೇರಿಸಿ ನನಗೇ ಕಳಿಸಿದರು.

ಒಂದು ವಾರ ನಾನು ಅಂಗಳ ದಾಟಲಿಲ್ಲ, ಅಪ್ಪಯ್ಯ. ಅಮ್ಮ ಒಂದು ದಿನ ಬಂಗುಡೆ ಹುರಿದು ತಟ್ಟೆಗೆ ಹಾಕಿ, "ತಿನ್. ಇದನ್ನ ಬಿಡೂದ್ ಬ್ಯಾಡ" ಎಂದಳು. ಅಷ್ಟು ದಿನದಲ್ಲಿ ನಾನು ನಕ್ಕದ್ದು ಆಗಲೇ.

ಆಮೇಲೆ ಕೂತು ಯೋಚಿಸಿದೆ. ಎಲ್ಲಿ ತಪ್ಪಿತು ಎಂದು ನನಗೆ ಗೊತ್ತಿದೆ. ನಮ್ಮ ಹೊಳೆಯಲ್ಲಿ ಈ ಗಾಳಕ್ಕೆ ಬರುವ ಮೀನು ಕೆಂಬೇರಿ. ಅದು ನೀರಿನ ನಡುವೆ ಇರುವುದಿಲ್ಲ. ಕಾಂಡ್ಲಾ ಮರದ ಬೇರು ನೀರಿಗೆ ಇಳಿದಿರುತ್ತದಲ್ಲ, ಆ ಬೇರಿನ ಸಂದಿಯಲ್ಲಿ ಹೊಂಚುಹಾಕಿ ಕೂತಿರುತ್ತದೆ. ಗರಿ ಬೇರಿಗೆ ಗೇಣು ದೂರದಲ್ಲಿ ಬೀಳಬೇಕು. ಸ್ವಲ್ಪ ಆಚೆ ಹೋದರೆ ಬೇರಿಗೆ ಸಿಕ್ಕಿ ದಾರ ಹರಿಯುತ್ತದೆ. ಈಚೆಗೆ ಬಿದ್ದರೆ ಮೀನು ತಿರುಗಿಯೂ ನೋಡುವುದಿಲ್ಲ. ಗಾಳ ಹರಿದುಕೊಂಡರೆ ಗಿರಾಕಿಗಳು ಏನನ್ನುತ್ತಾರೋ ಎಂದು ಹೆದರಿ ನಾನು ಅವರನ್ನು ಬಯಲು ನೀರಿನಲ್ಲೇ ನಿಲ್ಲಿಸಿದೆ. ಅಲ್ಲಿ ಏನೂ ಕಳೆಯುವುದಿಲ್ಲ. ಏನೂ ಸಿಗುವುದೂ ಇಲ್ಲ.

ಇನ್ನು ಹಾಗೆ ಮಾಡುವುದಿಲ್ಲ.

ನಿಮ್ಮ
ಸುಪ್ರೀತಾ


ಚೆಂಬೂರು
6 ಡಿಸೆಂಬರ್ 2023

ಚಿ. ಸುಪ್ರೀತಾಳಿಗೆ,

ನಿನ್ನ ಕಾಗದ ಬರುವ ಮೊದಲೇ ಆ ವಿಡಿಯೊ ಇಲ್ಲಿಗೆ ಬಂದಿತ್ತು. ನಮ್ಮ ಹೋಟೆಲಿನಲ್ಲಿ ಜ್ಯೂಸ್ ಮಾಡುವ ರತೀಶ ನಮ್ಮ ಕಡೆಯವನೇ, ವಂಡ್ಸೆ ಊರಿನವನು. ಅವನು ತೋರಿಸಿದ. ನೀನು ನನ್ನ ಮಗಳು ಎಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಮರುದಿನ ಹೇಳಿದೆ.

ಸಾಕು ಮಗಾ. ಒಂದು ಸಲ ಪ್ರಯತ್ನ ಮಾಡಿದೆ, ಆಯಿತು. ಕಂಪೆನಿಯ ಮ್ಯಾನೇಜರನ್ನು ಬಲ್ಲವರು ಇಲ್ಲಿಗೆ ಊಟಕ್ಕೆ ಬರುತ್ತಾರೆ. ನಾನು ಮಾತಾಡುತ್ತೇನೆ.

ತೋಳಿನ ಗಾಯ ಮಾಗಿತಾ? ಇಂಜೆಕ್ಷನ್ ತೆಗೆದುಕೊಂಡೆಯಾ? ಅದನ್ನು ನೀನು ಬರೆದೇ ಇಲ್ಲ.

ಇನ್ನೊಂದು ವಿಷಯ. ದಾರವನ್ನು ಅಷ್ಟು ಉದ್ದ ಹಿಂದಕ್ಕೆ ಬೀಸಿದರೆ ಅದು ಹಿಂದಿನ ಮರಕ್ಕೆ ಸಿಕ್ಕಿಹಾಕಿಕೊಳ್ಳುವುದಿಲ್ಲವೇ? ಮುಂದಕ್ಕೆ ಎಸೆಯುವುದಕ್ಕೆ ಹಿಂದಕ್ಕೆ ಯಾಕೆ ಬೀಸಬೇಕು? ರತೀಶ ಕೇಳಿದ.

ಇಂತು,
ಪ್ರೇಮಾನಂದ


ಕಿರಿಮಂಜೇಶ್ವರ
18 ಡಿಸೆಂಬರ್ 2023

ಪ್ರೀತಿಯ ಅಪ್ಪಯ್ಯ,

ಗಾಯ ಮಾಗಿದೆ. ಇಂಜೆಕ್ಷನ್ ಆಗಿದೆ. ಮ್ಯಾನೇಜರ ಹತ್ತಿರ ಮಾತಾಡಬೇಡಿ.

ರತೀಶನಿಗೆ ಹೇಳಿ: ಹಿಂದಕ್ಕೆ ಬೀಸದೆ ಮುಂದಕ್ಕೆ ಹೋಗುವ ಶಕ್ತಿ ಆ ದಾರಕ್ಕೆ ಬರುವುದಿಲ್ಲ. ಕೋಲನ್ನು ಹಿಂದಕ್ಕೆ ತಂದು ಕಿವಿಯ ನೇರಕ್ಕೆ ನಿಲ್ಲಿಸಬೇಕು. ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಕಾಯುವಾಗ ಎಲ್ಲವೂ ಕೈತಪ್ಪಿತು ಅನ್ನಿಸುತ್ತದೆ. ಹೆದರಿ ಬೇಗ ಮುಂದಕ್ಕೆ ತಂದರೆ ದಾರ ಚಾಟಿಯಂತೆ ಸಿಡಿದು ಗರಿ ಹರಿದುಹೋಗುತ್ತದೆ. ಹಿಂದೆ ಮರವಿದ್ದರೆ ಬೀಸುವ ದಿಕ್ಕು ಬದಲಿಸಬೇಕು, ಅಷ್ಟೆ. ನನ್ನ ಹಳೇ ಕೋಲು, ರೀಲು ಎರಡನ್ನೂ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ರತೀಶನಿಗೆ.

ಈಗ ನಿಮ್ಮನ್ನು ಒಂದು ಮಾತು ಕೇಳಬೇಕು. ಬಹಳ ಸಲ ಬರೆದು ಹರಿದು ಹಾಕಿದ್ದೇನೆ.

ಶಿವಮೊಗ್ಗದಲ್ಲಿ ವಿನಯಾ ಎಂಬವರಿದ್ದಾರೆ. ಗಾಳ ಹಾಕುವವರ ಒಂದು ತಂಡವನ್ನು ವರ್ಷ ವರ್ಷ ಬೇರೆ ಬೇರೆ ಹೊಳೆಗಳಿಗೆ ಕರೆದೊಯ್ಯುತ್ತಾರೆ. ಫೆಬ್ರವರಿ ಕೊನೆಗೆ ಅವರೊಬ್ಬರೇ ಎರಡು ದಿನದ ಮಟ್ಟಿಗೆ ನಮ್ಮ ಹೊಳೆ ನೋಡಲು ಬರುತ್ತಾರೆ. ಸರಿಕಂಡರೆ ತಂಡವನ್ನೇ ತರುತ್ತಾರೆ. ಆ ವಿಡಿಯೊವನ್ನು ಅವರೂ ನೋಡಿದ್ದಾರಂತೆ. ಆದರೂ ಬನ್ನಿ ಎಂದೆ.

ಅವರನ್ನು ಎಲ್ಲಿಗೆ ಕರೆದೊಯ್ಯುವುದು ಎಂಬುದೇ ಪ್ರಶ್ನೆ. ನಮ್ಮ ಸಿಗಡಿ ಕೆರೆಯ ತೂಬು ಒಡೆದು ಹೊಳೆ ಒಳಗೆ ಬಂದು ವರ್ಷಗಳಾದವು. ಹಾಳುಬಿದ್ದ ದಂಡೆಯ ಉದ್ದಕ್ಕೂ ಕಾಂಡ್ಲಾ ಬೆಳೆದು ನೀರಿನ ಮೇಲೆ ಬಾಗಿದೆ. ಮನೆಯಿಂದ ಯಾರೂ ಆ ಕಡೆ ಹೋಗುವುದಿಲ್ಲವಲ್ಲ, ನಾನೂ ಹೋಗಿರಲಿಲ್ಲ. ಕಳೆದ ವಾರ ದೂರದಿಂದ ನೋಡಿದೆ. ಬೇರಿನ ಬುಡದಲ್ಲಿ ನೀರು ಎರಡು ಸಲ ಒಡೆಯಿತು. ಅದು ಕೆಂಬೇರಿಯೇ.

ನೀವು ಬೇಡ ಎಂದರೆ ಅಲ್ಲಿಗೆ ಹೋಗುವುದಿಲ್ಲ. ಬೇರೆ ಜಾಗ ಹುಡುಕುತ್ತೇನೆ. ಆದರೆ ಬೇಡ ಎನ್ನುವುದಾದರೆ ಬರೆದು ತಿಳಿಸಿ. ಸುಮ್ಮನಿರಬೇಡಿ.

ನಿಮ್ಮ
ಸುಪ್ರೀತಾ


ಚೆಂಬೂರು
2 ಫೆಬ್ರವರಿ 2024

ಚಿ. ಸುಪ್ರೀತಾಳಿಗೆ,

ತಡವಾಯಿತು.

ತೂಬಿನ ಎಡಗಡೆ ದೋಣಿ ಒಯ್ಯಬೇಡಿ. ಅಲ್ಲಿ ನೀರಿನಡಿಯಲ್ಲಿ ಕಾಂಕ್ರೀಟಿನ ತುಂಡುಗಳಿವೆ, ಅವುಗಳಿಂದ ಕಬ್ಬಿಣದ ಸರಳು ಮೇಲಕ್ಕೆ ಎದ್ದಿರುತ್ತದೆ. ಬಲಗಡೆ ಕೆಸರು ಮಾತ್ರ. ಉಬ್ಬರ ಏರುವಾಗ ಒಳಗೆ ಹೋಗಿ, ಇಳಿಯಲು ಶುರುವಾದ ಕೂಡಲೇ ಹೊರಗೆ ಬನ್ನಿ. ತಡಮಾಡಿದರೆ ದೋಣಿ ಕೆಸರಲ್ಲಿ ಕೂರುತ್ತದೆ. ಪೂರ್ವದ ಮೂಲೆಯಲ್ಲಿ ಕೆರೆ ಆಳ. ಮಣ್ಣು ತೆಗೆಸುವಾಗ ನಾನೇ ನಿಂತು ಆಳ ಮಾಡಿಸಿದ್ದೆ, ಬೇಸಿಗೆಯಲ್ಲೂ ನೀರು ತಣ್ಣಗಿರಲಿ ಎಂದು. ಮೀನಿದ್ದರೆ ಆ ಮೂಲೆಯಲ್ಲಿ ಇರಬೇಕು. ನಾಗುವಿಗೆ ಇದನ್ನೆಲ್ಲ ಓದಿ ಹೇಳು.

ಕೋಲು ಬಂತು. ರತೀಶನಿಗೆ ಅದು ಒಗ್ಗಲಿಲ್ಲ. ಮಧ್ಯಾಹ್ನ ಹೋಟೆಲು ಖಾಲಿಯಾದ ಮೇಲೆ ನಾನೇ ತಾರಸಿಗೆ ಒಯ್ದು ನೋಡಿದೆ. ನೀನು ಬರೆದದ್ದು ಸರಿ, ಕಾಯುವುದೇ ಕಷ್ಟ. ಅರವತ್ತು ದಾಟಿದ ಮೇಲೆ ಹೆಗಲು ಹೇಳಿದ ಮಾತು ಕೇಳುವುದಿಲ್ಲ. ಮೊದಲ ದಿನ ದಾರ ಹೋಗಿ ಪಕ್ಕದ ಕಟ್ಟಡದಲ್ಲಿ ಒಣಹಾಕಿದ್ದ ಬೆಡ್‌ಶೀಟಿಗೆ ಸಿಕ್ಕಿಕೊಂಡಿತು. ಆ ಮನೆಯ ಹೆಂಗಸು ಮರಾಠಿಯಲ್ಲಿ ಬೈದಳು. ಅಡುಗೆಯವರು, ಪಾತ್ರೆ ತೊಳೆಯುವವರು ಎಲ್ಲ ಮೇಲೆ ಬಂದು ನಿಂತು ನಕ್ಕರು. ನಾನು ಕೋಲನ್ನು ಮೂಲೆಗಿಟ್ಟು ಕೆಳಗೆ ಬಂದೆ. ಇನ್ನು ಮುಟ್ಟುವುದಿಲ್ಲ ಎಂದುಕೊಂಡೆ.

ಮರುದಿನ ಮುಟ್ಟಿದೆ. ಈಗ ಕೊನೆಗೊಂದು ನೂಲಿನ ಉಂಡೆ ಕಟ್ಟಿ ಬೀಸುತ್ತೇನೆ. ನೀರಿನ ಟ್ಯಾಂಕಿನ ಪಕ್ಕದಲ್ಲಿಟ್ಟ ಬಕೆಟ್ಟಿಗೆ ಕೆಲವೊಮ್ಮೆ ಬೀಳುತ್ತದೆ. ನಗುವವರು ಈಗಲೂ ನಗುತ್ತಾರೆ. ಅವರಿಗೂ ಕೆಲಸದ ನಡುವೆ ಏನಾದರೂ ಬೇಕಲ್ಲ.

ಸರಳಿನ ವಿಷಯ ಮರೆಯಬೇಡ.

ಇಂತು,
ಅಪ್ಪಯ್ಯ


ಕಿರಿಮಂಜೇಶ್ವರ
3 ಮಾರ್ಚ್ 2024

ಪ್ರೀತಿಯ ಅಪ್ಪಯ್ಯ,

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ವಿನಯಾ ಅವರಿಗೆ ಐವತ್ತರ ಮೇಲಾಗಿದೆ. ಮಾತು ಕಡಿಮೆ. ಮೊದಲ ದಿನ ಹೊಳೆಯಲ್ಲಿ ಸುತ್ತಿದೆವು. ಬೇರಿನ ಹತ್ತಿರವೇ ಬೀಸಿದರು, ಆದರೆ ಪಡುವಣ ಗಾಳಿ ಜೋರಿತ್ತು, ಏನೂ ಆಗಲಿಲ್ಲ. ದಡಕ್ಕೆ ಬಂದ ಮೇಲೆ ಅವರು, "ನಾಳೆ ಬೇಡ ಅನ್ನಿಸಿದರೆ ಈಗಲೇ ಹೇಳಿ, ನನಗೆ ಬೇಸರವಿಲ್ಲ" ಎಂದರು. ಬಹಳ ಮರ್ಯಾದೆಯಿಂದಲೇ ಹೇಳಿದರು. ಒಪ್ಪಿಕೊಂಡುಬಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

"ನಾಳೆ ಬೇರೆ ಜಾಗ ಇದೆ" ಎಂದೆ.

ಮರುದಿನ ಉಬ್ಬರ ಏರುವಾಗ ತೂಬಿನ ಬಲಗಡೆಯಿಂದ ನಮ್ಮ ಕೆರೆಯೊಳಗೆ ಹೋದೆವು. ದಂಡೆ ಅಡ್ಡವಿದ್ದುದರಿಂದ ಒಳಗೆ ಗಾಳಿಯೇ ಇರಲಿಲ್ಲ. ನಾನು ಅವರಿಗೆ ನೇರವಾಗಿ ಹೇಳಿದೆ: "ಇಲ್ಲಿ ಗಾಳ ಕಳೆಯುತ್ತದೆ, ದಾರವೂ ಹರಿಯಬಹುದು. ಮೀನು ಸಿಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಆದರೆ ಈ ಹೊಳೆಯಲ್ಲಿ ಕೆಂಬೇರಿ ಎಲ್ಲಾದರೂ ಇದ್ದರೆ ಅದು ಇಲ್ಲಿದೆ."

ಅವರು ತಲೆಯಾಡಿಸಿ ಎದ್ದು ನಿಂತರು. ಪೂರ್ವದ ಮೂಲೆಗೆ ಬೀಸಿದರು. ಮೊದಲ ಗರಿ ಕೊಂಬೆಗೆ ಸಿಕ್ಕಿ ಹರಿಯಿತು. ಎರಡನೆಯದೂ ಹಾಗೇ. ಮೂರನೆಯದು ಬಿದ್ದದ್ದೇ ತಡ, ನೀರು ಒಡೆಯಿತು, ಕೋಲು ಬಾಗಿತು, ಅವರು ಸ್ವಲ್ಪ ದಾರ ಬಿಟ್ಟರು. ಅಷ್ಟರಲ್ಲಿ ಮೀನು ಬೇರಿನೊಳಗೆ ನುಗ್ಗಿ ದಾರ ಕಡಿದುಕೊಂಡಿತು.

"ನೀವು ಮಾಡಿ ತೋರಿಸಿ" ಎಂದು ಕೋಲನ್ನು ನನ್ನ ಕೈಗೆ ಕೊಟ್ಟರು. ಹೊಸ ಗರಿಯನ್ನು ನಾನೇ ದಾರಕ್ಕೆ ಗಂಟುಹಾಕಿದೆ.

ಅಪ್ಪಯ್ಯ, ನನ್ನ ಮೊದಲ ಬೀಸು ಮತ್ತೆ ಬಯಲು ನೀರಿಗೇ ಬಿತ್ತು. ಕೈ ತನ್ನಷ್ಟಕ್ಕೇ ಹೆದರಿತು. ಹಿಂದಿನಿಂದ ನಾಗಕ್ಕ, "ಹಾಕ್ ಹೆಣ್ಣೆ, ಬೇರಿಗ್ ಸಿಕ್ರೆ ನಾ ಬಿಡಿಸ್ತೆ" ಎಂದಳು. ಈ ಸಲ ದಾರ ಹಿಂದೆ ಪೂರ್ತಿ ಬಿಚ್ಚುವವರೆಗೆ ಕಾದೆ. ಗರಿ ಬಾಗಿದ ಕೊಂಬೆಯ ಅಡಿಗೆ ಹೋಗಿ ಬೇರಿಗೆ ತಾಗಿದಂತೆ ಬಿತ್ತು. ಎರಡು ಸಲ ಎಳೆದೆ. ಕೈಯಿಂದ ಯಾರೋ ಕಿತ್ತುಕೊಂಡ ಹಾಗೆ ಆಯಿತು. ಕೆಂಬೇರಿಗೆ ದಾರ ಬಿಡಬಾರದು, ಒಂದಿಂಚೂ ಬಿಡಬಾರದು. ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಒರಗಿದೆ. ಅದು ಬೇರಿನಿಂದ ಹೊರಗೆ ಬಂತು, ತಾಮ್ರದ ತಂಬಿಗೆಯಂತೆ ಹೊಳೆಯಿತು. ದೋಣಿಯ ಹತ್ತಿರ ಬಂದಾಗ ಗಂಟು ಬಿಚ್ಚಿ ಹೋಯಿತು. ನಾನೇ ಹಾಕಿದ ಗಂಟು.

ಮುಗಿಯಿತು ಎಂದುಕೊಂಡೆ. "ಗಂಟು ನನ್ನದು, ತಪ್ಪು ನನ್ನದು" ಎಂದೆ. ವಿನಯಾ ಅವರು ಕೋಲನ್ನು ವಾಪಸು ತೆಗೆದುಕೊಂಡು, ಹೊಸ ಗರಿ ಕಟ್ಟುತ್ತಾ, "ದಾರ ಬಿಡಬಾರದು ಎಂದು ಗೊತ್ತಾಯಿತಲ್ಲ" ಎಂದರು. ಅದೇ ಕೊಂಬೆಯ ಅಡಿಗೆ ಹಾಕಿದರು. ಎಷ್ಟು ಸಲ ಹಾಕಿದರೋ. ನೀರು ತುಂಬಿ ನಿಂತು ಇನ್ನೇನು ಇಳಿಯಬೇಕು ಎನ್ನುವಾಗ ಇನ್ನೊಂದು ಬಂದು ಹಿಡಿಯಿತು. ಅವರು ಬಿಡಲಿಲ್ಲ. ನಾಗಕ್ಕ ದೋಣಿಯನ್ನು ಹಿಂದಕ್ಕೆ ಒತ್ತಿದಳು, ನಾನು ಬಲೆಚೀಲ ಹಿಡಿದೆ. ಮೀನು ನನ್ನ ಮೊಣಕೈಯಷ್ಟಿತ್ತು. ಕೊಕ್ಕೆ ತೆಗೆದು, ನೀರಿನಲ್ಲಿ ಹಿಡಿದುಕೊಂಡು, ಅದು ಉಸಿರು ಕೂಡಿಸಿಕೊಂಡ ಮೇಲೆ ಬಿಟ್ಟೆ. ಬಾಲದಿಂದ ನನ್ನ ಮುಖಕ್ಕೆ ನೀರು ಎರಚಿ ಹೋಯಿತು.

"ಡಿಸೆಂಬರಿನಲ್ಲಿ ಆರು ಜನ ಬರುತ್ತೇವೆ. ಗರಿ ಜಾಸ್ತಿ ಕಟ್ಟಿಡಿ" ಎಂದರು ವಿನಯಾ. ಒಂದು ಷರತ್ತಿದೆ. ಅಷ್ಟರೊಳಗೆ ನಾನು ನೀರಿನಲ್ಲಿ ಜೀವ ಉಳಿಸುವ ತರಬೇತಿ ಮುಗಿಸಬೇಕು. ಏಪ್ರಿಲ್‌ನಲ್ಲಿ ಜೋಯಿಡಾದ ಕಡೆ ಕಾಳಿ ಹೊಳೆಯಲ್ಲಿ ಶಿಬಿರವಿದೆ, ಹೋಗುತ್ತೇನೆ. ಅಲ್ಲಿ ಫೋನು ಸಿಗುವುದಿಲ್ಲವಂತೆ. ವಿಳಾಸವನ್ನು ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ನೀವು ಆಳ ಮಾಡಿಸಿದ ಮೂಲೆಯಲ್ಲೇ ಮೀನಿತ್ತು. ಹೇಳಬೇಕು ಅನ್ನಿಸಿತು.

ನಿಮ್ಮ
ಸುಪ್ರೀತಾ


ಕಿರಿಮಂಜೇಶ್ವರ
16 ಏಪ್ರಿಲ್ 2024

ಪ್ರೀತಿಯ ಸುಪ್ರೀತಾ,

ಊರಿನ ಹೆಸರು ತಪ್ಪಿ ಬರೆದದ್ದಲ್ಲ. ಮೊನ್ನೆ ಬೈಂದೂರಿನಲ್ಲಿ ರೈಲು ಇಳಿದೆ.

ಅಮ್ಮ ಬಾಗಿಲು ತೆರೆದು, "ಎಷ್ಟ್ ದಿನಕ್ ಬಂದದ್?" ಎಂದು ಕೇಳಿದಳು. ಪ್ರತಿ ಸಲ ಕೇಳುವ ಪ್ರಶ್ನೆ. ನಾನು ಮುಂಬಯಿಗೆ ಒಯ್ದಿದ್ದ ಟ್ರಂಕನ್ನೇ ಒಳಗೆ ತಂದೆ. ಅವಳು ಟ್ರಂಕನ್ನು ನೋಡಿದಳು. ಒಳಗೆ ಹೋಗಿ ಅಕ್ಕಿ ಇನ್ನೊಂದು ಹಿಡಿ ಹಾಕಿದ್ದು ಕೇಳಿಸಿತು.

ನಿನ್ನೆ ಕೆರೆಗೆ ಹೋಗಿದ್ದೆ. ನಾಗು ಕರೆದೊಯ್ದಳು. ಆ ವಾಸನೆ ಇರಬಹುದು ಎಂದುಕೊಂಡಿದ್ದೆ, ಇರಲಿಲ್ಲ. ನಾನು ಕಟ್ಟಿದ ದಂಡೆ ಯಾವುದು, ಕಾಂಡ್ಲಾ ಕಟ್ಟಿದ್ದು ಯಾವುದು ಎಂದೇ ಗೊತ್ತಾಗದ ಹಾಗೆ ಆಗಿದೆ. ಸುಮಾರು ಹೊತ್ತು ಸುಮ್ಮನೆ ದೋಣಿಯಲ್ಲಿ ಕೂತಿದ್ದೆ. ಆಮೇಲೆ ನಾಗು, "ಕೂಕಂಬುಕೆ ಬಂದದ್ದಾ ಹ್ವಾಯ್?" ಎಂದಳು. ಎದ್ದೆ.

ತಾರಸಿಯ ಬಕೆಟ್ಟು ಬೇರೆ, ಇದು ಬೇರೆ. ದೋಣಿ ಅಲುಗುತ್ತದೆ, ಬೇರು ಹೆದರಿಸುತ್ತದೆ. ನಿನ್ನ ಡಬ್ಬಿಯ ಗರಿಗಳಲ್ಲಿ ಸುಮಾರನ್ನು ಮರಕ್ಕೆ ಕೊಟ್ಟೆ. ಒಂದು ಸಲ ದಾರ ನನ್ನ ಕುತ್ತಿಗೆಗೇ ಸುತ್ತಿಕೊಂಡಿತು. ನಾಗು ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಷ್ಟು ಹೊತ್ತಿಗೆ ದಂಡೆಯ ಮೇಲೆ ಜನ ಸೇರಿದ್ದರು. ಪಕ್ಕದ ಗದ್ದೆಯ ಚಂದ್ರನೂ ಇದ್ದ. ಅವನ ಕಣ್ಣಿಗೆ ಬೀಳಬಾರದು ಎಂದು ಹನ್ನೊಂದು ವರ್ಷ, ಊರಿಗೆ ಬಂದಾಗಲೆಲ್ಲ, ನಾನು ಬೆಳಕು ಹರಿಯುವ ಮೊದಲೇ ಮನೆ ಸೇರುತ್ತಿದ್ದವನು. ಕೋಲು ಕೆಳಗಿಟ್ಟು ತಲೆ ತಗ್ಗಿಸಿ ಹೊರಟುಬಿಡೋಣ ಅನ್ನಿಸಿತು. ಕೈ ಕೋಲನ್ನು ಬಿಡಲಿಲ್ಲ.

"ಹ್ವಾಯ್ ಪ್ರೇಮಾನಂದಣ್ಣ," ಎಂದು ಅವನು ಕೂಗಿದ, "ಎಂತಾರೂ ಸಿಕ್ತಾ?"

"ಇಲ್ಲ ಮರಾಯ. ಒಂದೂ ಸಿಕ್ಲಿಲ್ಲ" ಎಂದೆ.

"ಹಂಗಾರೆ?"

"ನಾಳೆ ಬತ್ತೆ."

ಅವನು ನಗಲಿಲ್ಲ. ಅಥವಾ ನಕ್ಕನೋ ಏನೋ, ನಾನು ಆಗಲೇ ಮುಂದಿನದನ್ನು ಬೀಸುತ್ತಿದ್ದೆ.

ಇವತ್ತೂ ಹೋಗಿ ಬಂದೆ. ಇವತ್ತೂ ಸಿಗಲಿಲ್ಲ. ಗರಿಗಳು ಪೂರ್ತಿ ಖಾಲಿಯಾಗಿವೆ. ಶಿಬಿರದಿಂದ ಬರುವಾಗ ಕೊಕ್ಕೆ, ನೂಲು ತಾ. ಕಟ್ಟುವುದನ್ನು ನನಗೂ ಕಲಿಸು.

ನಿನ್ನ
ಅಪ್ಪಯ್ಯ